‘ಇಲ್ಲ’ ಅನ್ನದ ಅತ್ತೆ

ನಮ್ಮ ಅತ್ತೆಯ ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಜೋಳದ ಕಾಳು ಸಲೀಸಾಗಿ ಕೂರುವಷ್ಟು ಸಂದಿ ಇತ್ತು. ಅವರು ‘ಚ’ ಅಂದಾಗಲೆಲ್ಲ ಅಲ್ಲಿಂದ ಸಣ್ಣದೊಂದು ಸಿಳ್ಳು ಹೊರಡುತ್ತಿತ್ತು. ಚಹಾ ಅಂದರೆ ಒಂದು ಸಿಳ್ಳು, ಚಮಚ ಅಂದರೆ ಎರಡು. ಯಾರಾದರೂ ಇದಕ್ಕೆ ನಕ್ಕರೆ ಅವರಿಗೆ ಸಿಟ್ಟು ಬರುತ್ತಿರಲಿಲ್ಲ. “ಮಾತು ಹೋಗಾಕ ಬರಾಕ ದಾರಿ ಬೇಕಲ್ಲವಾ” ಅನ್ನುತ್ತಿದ್ದರು.

ನಾನು ರಾಯಚೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಅಪ್ಪ ನೌಕರಿಗಾಗಿ ಮೈಸೂರು ಕಡೆಯಿಂದ ಬಂದವರು. ಹೊರಗೆ ಗೆಳತಿಯರ ಜೊತೆ ಇಲ್ಲಿಯ ಮಾತು ಆಡಿದರೂ ಮನೆಯೊಳಗೆ ನಮ್ಮದು ಆ ಕಡೆಯ ಮಾತೇ. ಹಾಗಾಗಿ ಮಾನ್ವಿಗೆ ಸೊಸೆಯಾಗಿ ಬಂದಾಗ ಇಲ್ಲಿಯ ಕನ್ನಡ ನನಗೆ ಪೂರ್ತಿ ಬರುತ್ತದೆ ಎಂಬ ಜಂಬವಿತ್ತು. ಆ ಜಂಬ ಒಂದು ಮಧ್ಯಾಹ್ನದ ಊಟಕ್ಕೆ ಇಳಿದುಹೋಯಿತು.

ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಪಕ್ಕದ ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು. ತಲೆ ಎತ್ತದೆ, “ಯವ್ವಾ, ಉಪ್ಪು ಹೆಚ್ಚಾಗ್ಯಾದ ನೋಡು” ಅಂದರು. ನಾನು ತಡಮಾಡಲಿಲ್ಲ. ಹೊಸ ಸೊಸೆ ಚುರುಕಾಗಿದ್ದಾಳೆ ಎಂದು ಅವರಿಗೂ ಗೊತ್ತಾಗಲಿ ಎಂದು ಕುದಿಯುವ ಬೇಳೆಗೆ ಎರಡು ತಂಬಿಗೆ ನೀರು ಸುರಿದೆ. ಊಟಕ್ಕೆ ಕುಳಿತಾಗ ಬೇಳೆ ತಟ್ಟೆಯ ಈ ಅಂಚಿನಿಂದ ಆ ಅಂಚಿಗೆ ಓಡಾಡುತ್ತಿತ್ತು, ಅದರಲ್ಲಿ ಒಂದು ಹರಳೂ ಉಪ್ಪಿರಲಿಲ್ಲ. ನನ್ನ ಮುಖ ನೋಡಿ ನನ್ನ ಗಂಡ ಎರಡನೆಯ ಸಲವೂ ಹಾಕಿಸಿಕೊಂಡರು. ಅತ್ತೆಗೆ ನಡೆದದ್ದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಗೋಡೆ ಹಿಡಿದುಕೊಂಡು ನಕ್ಕರು.

ವಿಷಯ ಏನೆಂದರೆ, ಆ ಮನೆಯಲ್ಲಿ ಯಾವುದೂ ‘ಮುಗಿಯುತ್ತಿರಲಿಲ್ಲ’. ಮುಗಿದದ್ದೆಲ್ಲ ‘ಹೆಚ್ಚಾಗುತ್ತಿತ್ತು’. ಡಬ್ಬಿ ಖಾಲಿಯಾದರೆ ಉಪ್ಪು ಹೆಚ್ಚಾಯಿತು. ಜೋಳ ತಳ ಕಂಡರೆ ಜೋಳ ಹೆಚ್ಚಾಯಿತು. ಬಳೆ ಒಡೆದರೆ ಬಳೆ ಹೆಚ್ಚಾಯಿತು ಅನ್ನುವುದು ನನಗೂ ಗೊತ್ತಿತ್ತು, ದೀಪ ಆರಿಸುವುದಕ್ಕೆ ದೊಡ್ಡದು ಮಾಡು ಅನ್ನುವುದೂ ಗೊತ್ತಿತ್ತು. ಆದರೆ ಅತ್ತೆ ಅದನ್ನು ಅಡುಗೆಮನೆ, ಜಗಲಿ, ಮಾಳಿಗೆ, ಓಣಿ ಎಲ್ಲದಕ್ಕೂ ಹಬ್ಬಿಸಿಬಿಟ್ಟಿದ್ದರು. ಒಮ್ಮೆ ಕರೆಂಟ್ ಹೋದಾಗ ಜಗಲಿಯಿಂದ “ಕರೆಂಟ್ ಹೆಚ್ಚಾತು!” ಎಂದು ಕೂಗಿದರು. ಓಣಿಗೆ ಹೊಸದಾಗಿ ಬಾಡಿಗೆಗೆ ಬಂದಿದ್ದವರು ವೋಲ್ಟೇಜ್ ಏರಿತೆಂದು ಗಾಬರಿಯಾಗಿ ಟೀವಿ, ಫ್ರಿಜ್ಜು ಎಲ್ಲದರ ಪ್ಲಗ್ಗು ಕಿತ್ತು ಕುಳಿತರು. ನನ್ನ ಗಂಡನದು ಮೋಟಾರು ರಿವೈಂಡಿಂಗ್ ಅಂಗಡಿ. ಮಾರನೆಯ ದಿನ ಆ ಬಾಡಿಗೆಯವರು ಅಲ್ಲಿಗೇ ಬಂದು, ನಿಮ್ಮ ತಾಯಿಗೆ ಕರೆಂಟಿನ ವಿಷಯ ಸ್ವಲ್ಪ ತಿಳಿಸಿ ಹೇಳ್ರಿ ಅಂದು ಹೋದರು.

“ಉಣ್ಣೋ ಮನ್ಯಾಗ ಇಲ್ಲ ಅನ್ನಬಾರದು ಯವ್ವಾ. ಇಲ್ಲ ಅಂದದ್ದು ಕೇಳಿಸಿಕೊಂಡ್ರ ಅದು ಮತ್ತ ಬರಂಗಿಲ್ಲ” ಎಂದು ನನಗೆ ಹೇಳಿಕೊಟ್ಟಿದ್ದರು.

“ಈಗ ನೀವೇ ಬರಂಗಿಲ್ಲ ಅಂದ್ರಲ್ಲ ಅತ್ತಿ, ಅದರಾಗೂ ಇಲ್ಲ ಅದ” ಅಂದೆ. ನನಗೆ ಮೊದಲಿಂದಲೂ ವಾದ ಮಾಡುವ ಚಟ.

ಅವರು ರೊಟ್ಟಿ ಮಗುಚುತ್ತಾ ಯೋಚಿಸಿದರು. “ಅದು ಸಣ್ಣ ಇಲ್ಲ. ಮಾತಿನ ಬಾಲಕ್ಕಿರತದ. ಸಣ್ಣದು ನಡೀತದ ಬಿಡು.”

ನಮ್ಮ ಮಗಳು ಹುಟ್ಟಿದ್ದು ಮಳೆಗಾಲದಲ್ಲಿ. ಗುಂಡಗೆ, ಗಟ್ಟಿಯಾಗಿ ಇದ್ದಳು. ಹೊತ್ತಿಗೆ ಸರಿಯಾಗಿ ಮಗುಚಿಕೊಂಡಳು, ಕೂತಳು, ನಡೆದಳು. ಮಾತು ಮಾತ್ರ ಬರಲಿಲ್ಲ. ಎರಡು ವರ್ಷ ತುಂಬಿತು, ಮೂರಾಗುತ್ತಾ ಬಂತು. ಬೇಕಾದದ್ದಕ್ಕೆ ಕೈ ಹಿಡಿದು ಎಳೆಯುವಳು, ಬೇಡವಾದದ್ದಕ್ಕೆ ಮುಖ ತಿರುಗಿಸುವಳು, ಅಷ್ಟೆ. ಮದುವೆ ಮನೆಗಳಿಗೆ ಹೋಗುವುದನ್ನೇ ನಾನು ಬಿಟ್ಟೆ. ಅಲ್ಲಿ ಊಟಕ್ಕಿಂತ ಮೊದಲು, ಇನ್ನೂ ಮಾತು ಬಂದಿಲ್ಲವೇ ಎಂಬ ಪ್ರಶ್ನೆ ಬಡಿಸುತ್ತಿದ್ದರು. ಅವಳ ಓರಗೆಯ ಮಕ್ಕಳು ಸಂತೆಯ ವ್ಯಾಪಾರಿಗಳ ಹಾಗೆ ಚೌಕಾಸಿ ಮಾಡುತ್ತಿದ್ದರೆ ನಾನು ಇವಳನ್ನು ಎತ್ತಿಕೊಂಡು ಆಚೆ ಹೋಗುತ್ತಿದ್ದೆ.

ರಾಯಚೂರಿಗೆ ಕರೆದೊಯ್ದು ಕಿವಿ ಪರೀಕ್ಷೆ ಮಾಡಿಸಿದೆವು. ಕಿವಿ ಚೆನ್ನಾಗಿದೆ ಅಂದರು. ಕೆಲವು ಮಕ್ಕಳಿಗೆ ತಡವಾಗುತ್ತದೆ, ವಾರಕ್ಕೊಮ್ಮೆ ಮಾತಿನ ತರಬೇತಿಗೆ ಬನ್ನಿ, ಯಾವಾಗ ಬರುತ್ತದೆಂದು ಖಚಿತವಾಗಿ ಹೇಳಲಾಗದು ಅಂದರು. ನನಗೆ ಕೊನೆಯ ಮಾತು ಮಾತ್ರ ಕೇಳಿಸಿತು. ಮಾನ್ವಿ ಬಸ್ಸು ಊರು ದಾಟುವ ಮುಂಚೆಯೇ ನನ್ನ ಬಾಯಿಂದ ಬಂದುಬಿಟ್ಟಿತು: “ನನ್ನ ಮಗಳಿಗೆ ಮಾತಿಲ್ಲ ಅತ್ತಿ.”

ಅತ್ತೆಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ತೊಡೆಯ ಮೇಲೆ ಮಲಗಿದ್ದ ಕೂಸಿನ ಎರಡೂ ಕಿವಿ ಮುಚ್ಚಿ, “ಉಗುಳು” ಅಂದರು.

“ಏನ್ರಿ?”

“ಆ ಮಾತು ಉಗುಳು. ಕಿಡಕಿ ಹೊರಗ. ಮದಲ ಉಗುಳು, ಆಮ್ಯಾಲ ಅಳು.”

ಉಗುಳಿದೆ. ಹಿಂದಿನ ಕಿಟಕಿಯಲ್ಲಿ ಕುಳಿತವರು ಬೈದರು. ಅತ್ತೆ ಅವರ ಕಡೆ ತಿರುಗಿ ಕೈ ಮುಗಿದು, ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: “ಆಕಿಗೆ ಮಾತು ಹೆಚ್ಚಾಗ್ಯಾವ. ಒಳಗ ಗದ್ದಲ ಭಾಳ ಅದ, ಬಾಕಲ ಸಣ್ಣದು. ಒಂದು ಹೊರಗ ಬಂತಂದ್ರ ಎಲ್ಲಾ ಬರತಾವ.”

ನಿಜ ಹೇಳಬೇಕೆಂದರೆ ಸಮಾಧಾನವಾಗಲಿಲ್ಲ, ಮೈ ಉರಿಯಿತು. ಉಪ್ಪಿಗೂ ಕರೆಂಟಿಗೂ ಹೇಳುವ ಮಾತನ್ನೇ ನನ್ನ ಮಗುವಿಗೂ ಹೇಳುತ್ತಾರಲ್ಲ ಅನಿಸಿತು. ಆದರೆ ಮುಂದಿನ ವಾರ ತರಬೇತಿಗೆ ಹೊರಟಾಗ ನನಗಿಂತ ಮೊದಲು ವಿಭೂತಿ ಧರಿಸಿ, ಬುತ್ತಿ ಕಟ್ಟಿಕೊಂಡು, ಜಗಲಿಯ ಮೇಲೆ ತಯಾರಾಗಿ ಕುಳಿತಿದ್ದವರು ಅವರೇ.

ತರಬೇತಿ ಕೊಡುತ್ತಿದ್ದವಳು ತಾಳ್ಮೆಯ ಹುಡುಗಿ. ಮಗುವಿನ ಜೊತೆ ದಿನವಿಡೀ ಮಾತಾಡಿ, ಮಾಡುವ ಕೆಲಸವನ್ನೆಲ್ಲ ಹೇಳುತ್ತಾ ಮಾಡಿ, ಆದರೆ ಎಲ್ಲ ನೀವೇ ಹೇಳಿ ಮುಗಿಸಬೇಡಿ, ಅರ್ಧಕ್ಕೆ ನಿಲ್ಲಿಸಿ, ಅವಳಿಗೆ ಜಾಗ ಬಿಡಿ ಅಂದಳು. ಅತ್ತೆ ಬಾಯಿ ತೆರೆದು ತಮ್ಮ ಹಲ್ಲನ್ನು ತೋರಿಸಿದರು. “ಸಂದಿ ಬಿಡಬೇಕು ಅಂತೀರಿ. ಹಿಂಗ?” ಆ ಹುಡುಗಿ ನಕ್ಕು, “ಹಂಗೇ ರೀ ಅಜ್ಜಿ” ಅಂದಳು. ಅವತ್ತಿನಿಂದ ಆ ಪಾಠ ನಮ್ಮ ಮನೆಯಲ್ಲಿ ಸಂದಿ ಬಿಡುವುದು ಎಂದಾಯಿತು.

ಸಂದಿ ಬಿಡುವುದು ಅತ್ತೆಗೆ ಸುಲಭದ ಕೆಲಸವಾಗಿರಲಿಲ್ಲ. ಅವರು ಒಂದೇ ಉಸಿರಿನಲ್ಲಿ ಓಣಿಯ ಸುದ್ದಿಯೆಲ್ಲ ಹೇಳುವವರು. ಆದರೂ ಕಲಿತರು. ಮಣ್ಣೆತ್ತಿನ ಅಮಾವಾಸ್ಯೆಗೆ ಮಲ್ಲಟದ ನಮ್ಮ ಹೊಲದಿಂದ ಕರಿಮಣ್ಣು ತರಿಸಿ ಎತ್ತು ಮಾಡಿದರು. ಒಂದು ಕೋಡು ಇಟ್ಟು, “ಎತ್ತಿಗೆ ಇನ್ನೊಂದು...” ಅಂದು ಸುಮ್ಮನಾದರು. ಮಗಳು ಅವರ ಬಾಯನ್ನೇ ನೋಡಿದಳು. ಮಣ್ಣು ಹೊಸೆದು ತಾನೇ ಕೋಡು ಇಟ್ಟಳು, ಹೇಳಲಿಲ್ಲ. ಪಂಚಮಿಗೆ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದಾಗ ಅವಳನ್ನು ಮೇಲಕ್ಕೆಳೆದು ಹಿಡಿದುಕೊಂಡು, “ಒಂದು, ಎರಡು...” ಎಂದು ಕಾದರು. ಮಗಳು ಕಾಲು ಬಡಿದು ಕಿಲಕಿಲ ನಕ್ಕಳು. ಕೈ ಸೋತು ಅವರೇ ಬಿಟ್ಟರು. “ಮೂರು ಒಳಗೇ ಅಂದಳು, ನನಗ ಕೇಳಿಸ್ತು” ಅಂದರು.

ಸೀತನಿ ಕಾಲ ಬಂತು. ಹಸಿ ಜೋಳದ ತೆನೆ ಸುಟ್ಟು ಉಜ್ಜಿ, ಬಿಸಿ ಕಾಳನ್ನು ಅಂಗೈಯಲ್ಲಿ ಊದುತ್ತಾ, ಆ ಊದುವ ಬಾಯಿಯನ್ನೇ ಅವಳಿಗೆ ಕಲಿಸಿದರು. ಎಳ್ಳ ಅಮಾವಾಸ್ಯೆಗೆ ಹೊಲದ ತುಂಬ ಭೂಮಿತಾಯಿಯ ಎಡೆಯ ಚರಗ ಚೆಲ್ಲುವಾಗ ಅವಳ ಪುಟ್ಟ ಮುಷ್ಟಿಗೂ ಕೊಟ್ಟರು. ಸಂಕ್ರಾಂತಿಗೆ ಕೃಷ್ಣೆಯ ದಂಡೆಯ ತಮ್ಮ ತವರೂರು ಗೂಗಲ್‌ಗೆ ಕರೆದುಕೊಂಡು ಹೋದರು. ಗಬ್ಬೂರಿನಲ್ಲಿ ಬಸ್ಸು ಬದಲಿಸುವಾಗ, ಕೃಷ್ಣೆಯಲ್ಲಿ ಮುಳುಗುವಾಗ, ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚುವಾಗ, ಅರ್ಧರ್ಧ ಮಾತು ಬಿಟ್ಟು ಕಾಯುತ್ತಲೇ ಇದ್ದರು. ಹೊಳೆದಂಡೆಯಲ್ಲಿ ಬುತ್ತಿ ಬಿಚ್ಚಿದಾಗ ಅತ್ತೆಯ ತಮ್ಮನ ಹೆಂಡತಿ ಎಲ್ಲರ ಮುಂದೆ, “ಕೂಸಿಗೆ ಮಾತಿಲ್ಲೇನಬೇ?” ಅಂದರು.

“ಅದಾವ. ನಿನ್ನ ಮುಂದ ಬರಾಕ ನಾಚಿಕೊಂಡು ಕುಂತಾವ” ಅಂದರು ಅತ್ತೆ, ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಾ.

ಯುಗಾದಿ ಹತ್ತಿರ ಬರುವ ಹೊತ್ತಿಗೆ ನಾನು ಸೋತಿದ್ದೆ. ಜೂನ್‌ನಲ್ಲಿ ಶಾಲೆಗೆ ಹಾಕುವ ಆಸೆಯಿತ್ತು, ಹಾಕಿದರೂ ನೀರು ಬೇಕೆಂದು ಯಾರನ್ನು ಹೇಗೆ ಕೇಳುತ್ತಾಳೆ ಎಂಬ ಯೋಚನೆಯಲ್ಲಿ ನಿದ್ದೆ ಬರುತ್ತಿರಲಿಲ್ಲ. ಅತ್ತೆ ಮಾತ್ರ ಬೇಸಿಗೆ ಬಂತೆಂದು ಸಂಡಿಗೆಗೆ ಹೊರಟರು.

ರಾಯಚೂರು ಸೀಮೆಯ ಬಿಸಿಲಿಗೆ ಸಂಡಿಗೆ ಒಣಗುವುದು ತಡವಿಲ್ಲ, ಹಾಕುವವರು ಒಣಗಬಾರದು ಅಷ್ಟೆ. ಹಾಗಾಗಿ ಹೊತ್ತು ಮೂಡುತ್ತಿದ್ದ ಹಾಗೇ ಮಾಳಿಗೆ ಹತ್ತಿದೆವು. ಹಳೆಯ ಸೀರೆ ಹಾಸಿ, ಅತ್ತೆ ಚಮಚದಿಂದ ಹಿಟ್ಟು ಬಿಡುತ್ತಾ ಹೋದರು. ಮಗಳು ಪಕ್ಕದಲ್ಲಿ ಕುಳಿತು ಬಟ್ಟಲಲ್ಲಿ ಹಾಕಿಕೊಟ್ಟ ಹಿಟ್ಟನ್ನು ನೆಕ್ಕುತ್ತಿದ್ದಳು. ಸಂಡಿಗೆಗಿಂತ ಸಂಡಿಗೆಯ ಹಿಟ್ಟೇ ರುಚಿ ಎಂಬುದು ಮಕ್ಕಳಿಗೆಲ್ಲ ಗೊತ್ತು. ನಾನು ಸೀರೆಯ ಅಂಚಿಗೆ ಕಲ್ಲು ಇಡುತ್ತಿದ್ದೆ. ಬಟ್ಟಲು ಖಾಲಿಯಾಯಿತು. ಅವಳು ಬಟ್ಟಲನ್ನು ಮುಂದೆ ಚಾಚಿದಳು.

ಅತ್ತೆ ಎಂದಿನಂತೆ, “ಹಿಟ್ಟು...” ಎಂದು ನಿಲ್ಲಿಸಿದರು.

ಮಗಳು ಬಟ್ಟಲೊಳಗೆ ನೋಡಿದಳು. ಮಗುಚಿ ತಳ ನೋಡಿದಳು. ಆಮೇಲೆ ಅಜ್ಜಿಯ ಹಲ್ಲಿನ ಸಂದಿಯನ್ನೇ ದಿಟ್ಟಿಸಿ, ತುಟಿ ಮುಂದೆ ಮಾಡಿ ಹೇಳಿದಳು: “ಹೆಚ್ಚಾತು.”

ನಡುವೆ ಸಣ್ಣದೊಂದು ಸಿಳ್ಳೂ ಇತ್ತು. ಆ ಮಾತಿನ ಜೊತೆ ಸಿಳ್ಳೂ ಸೇರಿಯೇ ಇರುತ್ತದೆಂದು ತಿಳಿದುಕೊಂಡಿದ್ದಳೋ ಏನೋ.

ನಾನು ಕಲ್ಲು ಹಿಡಿದುಕೊಂಡೇ ಅವರ ಹತ್ತಿರ ಓಡಿದೆ. ಅತ್ತೆ ಕೂಗಲಿಲ್ಲ, ಎತ್ತಿ ಮುದ್ದಾಡಲಿಲ್ಲ. ದಿನಾ ಮಾತಾಡುವ ಮಗುವಿಗೆ ಉತ್ತರ ಕೊಡುವಷ್ಟು ಸಾದಾ ದನಿಯಲ್ಲಿ, “ಹೆಚ್ಚಾತೇನು? ತೊಗೊ, ಮತ್ತ ಹಾಕ್ತೀನಿ” ಅಂದರು. ಆದರೆ ಕಣ್ಣು ಮೊಮ್ಮಗಳ ಮೇಲಿಟ್ಟು ಹಾಕಿದ ಹಿಟ್ಟೆಲ್ಲ ಬಟ್ಟಲು ತಪ್ಪಿ ಹಾಸಿದ ಸೀರೆಯ ಮೇಲೆ ಚೆಲ್ಲಿತು. ಆ ವರ್ಷ ನಮ್ಮ ಡಬ್ಬಿಯಲ್ಲಿ ರೊಟ್ಟಿಯಷ್ಟು ದೊಡ್ಡದೊಂದು ಸಂಡಿಗೆ ಇತ್ತು. ಅತ್ತೆ ಅದನ್ನು ಯಾರಿಗೂ ಕರಿಯಲು ಬಿಡಲಿಲ್ಲ. ಮಗಳು ಶಾಲೆಗೆ ಹೋದ ಮೊದಲ ದಿನ ತಾವೇ ಮುರಿದು ಕರಿದು ಓಣಿಗೆಲ್ಲ ಹಂಚಿದರು.

ಅತ್ತೆ ಹೇಳಿದ ಹಾಗೆ ಒಂದು ಬಂದ ಮೇಲೆ ಎಲ್ಲ ಬಂದವು. ತರಬೇತಿಯ ಹುಡುಗಿಗೆ ಸಂಡಿಗೆಯ ದೊಡ್ಡ ಪೊಟ್ಟಣ ಹೋಯಿತು. ಮಗಳ ಮಾತು ಪೂರ್ತಿ ಅಜ್ಜಿಯ ಮಾತೇ. ಶಾಲೆಯಲ್ಲಿ ಖಾಲಿ ಬಾಟಲಿ ಎತ್ತಿ ಹಿಡಿದು, “ಟೀಚರ್, ನೀರು ಹೆಚ್ಚಾಗ್ಯಾವ್ರಿ” ಅಂದಳಂತೆ. ಟೀಚರು ಬೇರೆ ಊರಿನವರು, “ಹೆಚ್ಚಾಗಿದ್ದರೆ ಗಿಡಕ್ಕೆ ಹಾಕು” ಅಂದರಂತೆ. ಬಾಯಾರಿ ಮನೆಗೆ ಬಂದ ಮೊಮ್ಮಗಳ ಕಥೆ ಕೇಳಿ ಅತ್ತೆ ಮತ್ತೆ ಗೋಡೆ ಹಿಡಿದುಕೊಂಡರು. ನನ್ನ ಬೇಳೆ ನೆನಪಾಗಿರಬೇಕು.

ಹೋದ ಚಳಿಗಾಲದಲ್ಲಿ ಅತ್ತೆ ಹಾಸಿಗೆ ಹಿಡಿದರು. ಬಹಳ ನರಳಲಿಲ್ಲ. ಒಂದು ಸಂಜೆ ಗಂಜಿ ಕುಡಿಸುತ್ತಾ, “ಕೈಯಾಗ ಶಕ್ತಿನೇ ಇಲ್ಲಲ್ರಿ ಅತ್ತಿ” ಅಂದುಬಿಟ್ಟೆ. ಅವರು ಕಣ್ಣು ತೆರೆದು ನನ್ನನ್ನು ನೋಡಿದರು.

“ಹೆಚ್ಚಾಗ್ಯಾದ, ಯವ್ವಾ” ಅಂದರು. ಸಿಳ್ಳು ಬಂತೋ ಬರಲಿಲ್ಲವೋ ತಿಳಿಯಲಿಲ್ಲ. ಇಬ್ಬರೂ ನಕ್ಕೆವು. ಸಂಕ್ರಾಂತಿ ಕಳೆದ ಮೇಲೆ ಮನೆಮಂದಿಯೆಲ್ಲ ಸುತ್ತ ಇದ್ದಾಗಲೇ ಶಿವನ ಪಾದ ಸೇರಿದರು. ತೆನೆ ಬಲಿತ ಮಲ್ಲಟದ ಹೊಲದಲ್ಲೇ ಮಣ್ಣು ಮಾಡಿದೆವು.

ಮೊನ್ನೆ ಮೊದಲ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಪುಂಡಿಪಲ್ಯದ ಸೊಪ್ಪು ಮಾರುವಾಕೆ ಬಂದಳು. ಅತ್ತೆಯ ಹಳೆಯ ಗೆಳತಿ. ತನ್ನ ಮಗಳ ಬಾಣಂತನಕ್ಕೆಂದು ಸುಗ್ಗಿಗೆ ಮೊದಲೇ ದೇವದುರ್ಗಕ್ಕೆ ಹೋದವಳು ಈ ಕಡೆ ಬಂದಿರಲಿಲ್ಲ, ಅತ್ತೆಯ ಸುದ್ದಿ ಅವಳಿಗೆ ಮುಟ್ಟಿರಲಿಲ್ಲ. ಬಾಗಿಲಲ್ಲಿ ನಿಂತು ಎಂದಿನ ಹಾಗೇ ಕೂಗಿದಳು: “ಹಿರೇರು ಅದಾರೇನ್ರವಾ?”

ನನ್ನ ಎರಡೂ ಕೈ ಹಿಟ್ಟಿನಲ್ಲಿದ್ದವು. ಏಳುವಷ್ಟರಲ್ಲಿ ಮಗಳು ಬಾಗಿಲಿಗೆ ಹೋಗಿ ಆಗಿತ್ತು. ಅವಳಿಗೆ ಈಗ ಆರು ವರ್ಷ, ಮುಂದಿನ ಹಲ್ಲು ಎರಡೂ ಬಿದ್ದಿವೆ. ಅವಳು ಸುಮ್ಮನೆ ನಿಂತಿದ್ದಳು. ಮಾತು ಬರುವ ಮುಂಚಿನ ಹಾಗೇ ಆಕೆಯ ಮುಖ ನೋಡುತ್ತಿದ್ದಳು. ಬಾಗಿಲಲ್ಲಿ ನಿಂತವರಿಗೆ ಇಲ್ಲ ಅನ್ನಬಾರದೆಂದು ಅವಳಿಗೆ ಕಲಿಸಿದವರೇ ಅಜ್ಜಿ. ನಾನೇ ಹೇಳಿಬಿಡೋಣ ಅನಿಸಿತು. ಹೇಳಲಿಲ್ಲ. ಅತ್ತೆ ಕಲಿಸಿದ ಹಾಗೆ ಸಂದಿ ಬಿಟ್ಟೆ.

“ನಮ್ಮಜ್ಜಿ ಹೆಚ್ಚಾಗ್ಯಾಳ್ರಿ” ಅಂದಳು ಮಗಳು. ಬಿದ್ದ ಹಲ್ಲಿನ ಜಾಗದಿಂದ ಸಿಳ್ಳು ಬಂತು.

ಆಕೆ ಬುಟ್ಟಿ ಇಳಿಸಿ ಹೊಸ್ತಿಲ ಮೇಲೆ ಕುಳಿತಳು. ಸೆರಗಿನಿಂದ ಕಣ್ಣೊರೆಸಿಕೊಂಡು ಮಗಳನ್ನು ತೊಡೆಯ ಮೇಲೆ ಎಳೆದುಕೊಂಡಳು. “ಹೌದವಾ, ನಿನ್ನ ಬಾಯಾಗ ಇಲ್ಲೇ ಕೇಳಿಸಾಕತ್ತಾಳ” ಅಂದಳು.