ಕೆರಿಯಪ್ಪನ ಜೀಪಿಗೆ ಜೋನಿ ಹದದ ಆಯಿಲ್

ಹೆಗ್ಗರಣೆಯಿಂದ ಸಿದ್ದಾಪುರಕ್ಕೆ ಟ್ರಿಪ್ ಹೊಡೆಯುತ್ತಿದ್ದ ಕೆರಿಯಪ್ಪ ನಾಯ್ಕನಿಗೆ ದೇವರೆಂದರೆ ಭಯವಿತ್ತು, ಇಂಜಿನ್ ಎಂದರೆ ಭಕ್ತಿಯಿತ್ತು. ಗುಡಿಯ ಮುಂದೆ ಜೀಪು ನಿಲ್ಲಿಸದೆ ಸ್ಟೇರಿಂಗಿನಿಂದ ಒಂದು ಕೈ ತೆಗೆದು ಎದೆಗೆ ಮುಟ್ಟಿಸಿಕೊಂಡರೆ ಅಲ್ಲಿಗೆ ದೇವರ ಕೆಲಸ ಮುಗಿಯಿತು. ಬಾನೆಟ್ ಎತ್ತಿದನೋ, ಆಗ ಬೇರೆಯೇ ಮನುಷ್ಯ. ಎರಡೂ ಕೈ ಸೊಂಟಕ್ಕೆ ಕೊಟ್ಟು, ಬಾಯಿ ಅರ್ಧ ತೆರೆದು, ಒಳಗೆ ನೋಡುತ್ತ ನಿಂತುಬಿಡುತ್ತಿದ್ದ. ಒಂದಿಷ್ಟು ಕಬ್ಬಿಣ, ಒಂದಿಷ್ಟು ಡೀಸೆಲ್ಲು, ಅದರ ಮೇಲೆ ಜನ, ಅಕ್ಕಿ ಮೂಟೆ, ಕರು, ಬಾಳೆಗೊನೆ ಎಲ್ಲ ಹೇರಿದರೂ ಆ ಘಟ್ಟದ ಏರನ್ನು ಹತ್ತಿಬಿಡುತ್ತದಲ್ಲ, ಇದನ್ನು ಮಾಡಿದವನ ತಲೆಯಲ್ಲಿ ಎಂತ ಇತ್ತೋ ಎಂದು ಅವನು ಹೇಳದ ದಿನವಿಲ್ಲ. ಕೇಳಿ ಕೇಳಿ ಬೇಸತ್ತವರು ಗಾಡಿ ಬಿಡು ಮಾರಾಯ ಅನ್ನುತ್ತಿದ್ದರು.

ಜೀಪೆಂದರೆ ಈಗಿನ ಹೊಳೆಯುವ ಗಾಡಿಯನ್ನು ಕಲ್ಪಿಸಿಕೊಳ್ಳಬೇಡಿ. ಯಲ್ಲಾಪುರದ ಕಟ್ಟಿಗೆ ಕಂತ್ರಾಟುದಾರರೊಬ್ಬರು ಕಾಡೆಲ್ಲ ಓಡಿಸಿ, ಇನ್ನು ಸಾಕು ಎಂದು ಕೊಟ್ಟದ್ದನ್ನು ಕೆರಿಯಪ್ಪ ತಂದಿದ್ದು. ಬಾಗಿಲಿಲ್ಲ. ಹಿಂದೆ ಎರಡು ಹಲಗೆ, ಮೇಲೆ ತಾಡಪಾಲು. ತಗಡಿನ ಮೈಯಲ್ಲಿ ತೇಪೆ ಹಾಕದ ಜಾಗವೇ ಇರಲಿಲ್ಲ. ಅದರ ಮೀಟರಿಗೆ ಐದೇ ಅಂಕಿ. ತೊಂಬತ್ತರ ದಶಕದ ಒಂದು ಮಧ್ಯಾಹ್ನ ಆ ಐದೂ ಅಂಕಿ ಒಂಬತ್ತಕ್ಕೆ ಬಂದು ನಿಂತವು. ಜನ ಹಿಂದಿನಿಂದ ಕತ್ತು ಚಾಚಿ ಮೀಟರನ್ನೇ ನೋಡುತ್ತಿದ್ದರು. ದವಾಖಾನೆಗೆಂದು ಬಂದು ಅಂದು ಮುಂದಿನ ಸೀಟಿನಲ್ಲಿ ಕೂತಿದ್ದ ಹೆಂಡತಿ ದುರ್ಗಮ್ಮನೂ ನೋಡುತ್ತಿದ್ದಳು. ಐದೂ ಒಂಬತ್ತು ಒಟ್ಟಿಗೆ ಉರುಳಿ ಐದೂ ಸೊನ್ನೆಯಾದವು. ಕೆರಿಯಪ್ಪ ಗಾಡಿ ನಿಲ್ಲಿಸಿ, ಇಳಿದು, ಯಾರದ್ದೋ ಚೀಲದ ತೆಂಗಿನಕಾಯಿ ಕೇಳಿ ತೆಗೆದುಕೊಂಡು ಬಂಪರಿಗೆ ಒಡೆದ. ಲಕ್ಷ ಮೈಲಿಗೆ ಒಂದು ಕಮ್ಮಿ ಇಲ್ಲ, ಈಗ ಮತ್ತೆ ಹುಟ್ಟಿತು ನೋಡಿ ಎಂದು ಕಾಯಿಚೂರು ಹಂಚಿದ. ಅವನ ಕಣ್ಣಲ್ಲಿ ನೀರಿತ್ತು, ಅದನ್ನು ಅವನು ಮುಚ್ಚಿಡಲೂ ಇಲ್ಲ.

ಅದಾದ ಮುಂದಿನ ವಾರದಿಂದ ದುರ್ಗಮ್ಮ ದಿನಾ ಬೆಳಗಿನ ಟ್ರಿಪ್ಪಿಗೆ ಹೊರಡತೊಡಗಿದಳು. ಹಿತ್ತಲಿನ ಬಸಳೆ, ಹರಿವೆ ಮಾರುತ್ತೇನೆಂದು ಒಂದು ಬುಟ್ಟಿ ಹಿಡಿದು ಮುಂದಿನ ಸೀಟಿನಲ್ಲಿ ಕೂರುತ್ತಿದ್ದಳು. ಎಷ್ಟೋ ದಿನ ಹೋದ ಸೊಪ್ಪೇ ಬಾಡಿ ವಾಪಸು ಬರುತ್ತಿತ್ತು. ವ್ಯಾಪಾರ ನಿನ್ನ ಹಣೆಯಲ್ಲಿ ಬರೆದಿಲ್ಲ ಎಂದು ಗಂಡ ತಮಾಷೆ ಮಾಡುತ್ತಿದ್ದ. ಅಷ್ಟೇ ಅಲ್ಲ, ತಿರುವು ಬಂದರೆ ಅವಳು ಅವನ ತೋಳು ಜಗ್ಗುತ್ತಿದ್ದಳು, ಹಿಂದಿನಿಂದ ಬಸ್ಸು ಬಂದರೆ ಮೊಣಕೈ ತಿವಿಯುತ್ತಿದ್ದಳು. ಇಂಥ ಪುಕ್ಕಲಿಯನ್ನು ಕಟ್ಟಿಕೊಂಡು ಡ್ರೈವರಿಕೆ ಮಾಡುವ ಕರ್ಮ ನನ್ನದು ಎಂದು ಅವನು ಗೊಣಗಿದರೂ ಅವಳೇನೂ ಬಿಡಲಿಲ್ಲ.

ಈಗ ಕೆರಿಯಪ್ಪನ ಗುಟ್ಟು ಹೇಳಬೇಕು. ಅವನ ಕಿವಿ ಹೋಗಿತ್ತು. ಪೂರ್ತಿ ಅಲ್ಲ, ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ಸಂಭಾಳಿಸುತ್ತಿದ್ದ. ಆದರೆ ಹಿಂದಿನ ಹಾರ್ನು, ಹಕ್ಕಿ, ಮಳೆ, ಎಲ್ಲಕ್ಕಿಂತ ಹೆಚ್ಚಾಗಿ ಅವನ ಇಂಜಿನ್ನಿನ ದನಿ, ಒಂದೊಂದಾಗಿ ಅಳಿಸಿಹೋಗಿದ್ದವು. ಡೀಸೆಲ್ ಇಂಜಿನ್ನಿನ ಪಕ್ಕ ವರ್ಷಗಟ್ಟಲೆ ಕೂತವನ ಕಿವಿ ಉಳಿಯುವುದಾದರೂ ಹೇಗೆ? ಇದು ಜನರಿಗೆ ಗೊತ್ತಾದರೆ ಮುಗಿಯಿತು, ಕೆಪ್ಪನ ಗಾಡಿಗೆ ಯಾವ ತಾಯಿ ಮಗು ಎತ್ತಿಕೊಂಡು ಹತ್ತುತ್ತಾಳೆ ಎಂದು ಅವನಿಗೆ ಹೆದರಿಕೆ. ಡ್ರೈವರ್ ಸೀಟು ಬಿಟ್ಟರೆ ಅವನಿಗೆ ಬೇರೆ ಬದುಕು ಗೊತ್ತಿರಲಿಲ್ಲ. ಹಾಗಾಗಿ ಹೆಂಡತಿಗೂ ಹೇಳಿರಲಿಲ್ಲ.

ಹೀಗೇ ಕೆಲವು ವರ್ಷ ಕಳೆದ ಮೇಲೆ ಜೀಪು ಆಯಿಲ್ ಕುಡಿಯತೊಡಗಿತು. ಬೆಳಿಗ್ಗೆ ಹೊರಟರೆ ಹಿಂದೆ ನೀಲಿ ಹೊಗೆ. ಆಯಿಲ್ ನೋಡುವ ಕಡ್ಡಿ ಎಳೆದರೆ ತುದಿಯಲ್ಲಿ ಮಾತ್ರ ಪಸೆ. ಆಯಿಲ್ ಪ್ರೆಶರ್ ತೋರಿಸುವ ಮುಳ್ಳು ಏರು ಹತ್ತುವಾಗ ಕೆಳಗೆ ಕೆಳಗೆ ಬರುತ್ತಿತ್ತು. ಸಿದ್ದಾಪುರದ ಮೆಕ್ಯಾನಿಕ್ ಪರಮೇಶ್ವರಪ್ಪ ಇಂಜಿನ್ ಬಿಚ್ಚಿ ಸವೆದ ಸಿಲಿಂಡರಿಗೆ ಬೋರ್ ಮಾಡಿಸು, ಇಲ್ಲವಾದರೆ ಸ್ವಲ್ಪ ಮಂದದ ಆಯಿಲ್ ಹಾಕಿ ಜೋಪಾನವಾಗಿ ಓಡಿಸು ಎಂದಿದ್ದ. ಶಿರಸಿಯ ಅಂಗಡಿಯವ ಹೊಸ ಕಾರುಗಳಿಗೆ ಹಾಕುವ ತೆಳು ಆಯಿಲ್ ತೋರಿಸಿ ಹೊಗಳಿದ. ಕೆರಿಯಪ್ಪ ಅದರ ಒಂದು ಹನಿಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒತ್ತಿ ಬಿಡಿಸಿ ನೋಡಿದ. ನಮ್ಮ ಕಡೆ ಪಾಕದ ಹಾಗಿರುವ ಜೋನಿಬೆಲ್ಲ ಕೊಳ್ಳುವಾಗ ಎಲ್ಲರೂ ಮಾಡುವುದು ಹಾಗೆಯೇ. ಎಳೆ ಬಂದರೆ ಜೋನಿ ಗಟ್ಟಿ, ಮಳೆಗಾಲ ದಾಟುತ್ತದೆ. ಎಳೆ ಬಾರದೆ ಜಾರಿದರೆ ನೀರು ಜೋನಿ, ಹುಳಿ ಬರುತ್ತದೆ. ಶಿರಸಿಯ ಆಯಿಲ್ ಜಾರಿತು. ಪರಮೇಶ್ವರಪ್ಪ ಹೇಳಿದ ಮಂದವೂ ಅವನ ಮನಸ್ಸಿಗೆ ಸಾಕಾಗಲಿಲ್ಲ. ಕಡೆಗೆ ಗೇರ್ ಪೆಟ್ಟಿಗೆಗೆ ಹಾಕುವ ಆಯಿಲ್ ಒತ್ತಿ ನೋಡಿದ, ಎಳೆ ಗೇಣುದ್ದ ಬಂತು. ಹಳೇ ಇಂಜಿನ್ನಿಗೆ ಇಂಥ ಗಟ್ಟಿ ಊಟವೇ ಬೇಕು ಎಂದು ಅದನ್ನೇ ತಂದು, ಇದ್ದ ಆಯಿಲ್ ಇಳಿಸಿ, ಮನೆಯಂಗಳದಲ್ಲಿ ತಾನೇ ತುಂಬಿದ.

ಮಾಘದ ಚಳಿ ಅದು. ಆಲೆಮನೆಗಳಿಂದ ಹೊಗೆ ಏಳುವ ಕಾಲ. ಬೆಳಿಗ್ಗೆ ಹ್ಯಾಂಡಲ್ ತಿರುವಿ ತಿರುವಿ ಬೆವರು ಬಂದ ಮೇಲೆ ಇಂಜಿನ್ ಎದ್ದಿತು. ಮುಳ್ಳು ನೋಡಿದರೆ ಎಂದೂ ಇಲ್ಲದಷ್ಟು ಮೇಲೆ, ಹೊಗೆಯೂ ಅರ್ಧಕ್ಕರ್ಧ ಕಮ್ಮಿ. ಕೆರಿಯಪ್ಪನ ಹಿಗ್ಗು ಹೇಳತೀರದು. ದಾರಿಯುದ್ದಕ್ಕೂ ಎಲ್ಲರಿಗೂ ಮುಳ್ಳು ತೋರಿಸಿದ. ಹಿಂದೆ ಕೂತವರು ಮುಖ ಮುಖ ನೋಡಿಕೊಂಡದ್ದು ಕನ್ನಡಿಯಲ್ಲಿ ಕಂಡರೂ ಹೊಟ್ಟೆಕಿಚ್ಚು ಎಂದುಕೊಂಡ.

ಎರಡನೇ ಬೆಳಗ್ಗೆ, ಹೊರಟು ಇನ್ನೂ ಊರು ದಾಟಿರಲಿಲ್ಲ, ದುರ್ಗಮ್ಮ ಅವನ ತೋಳು ಹಿಡಿದಳು. ಇಂಜಿನ್ನಿನ ಮೇಲಿನಿಂದ ಕಟಕಟ ಅಂತದೆ, ನಿನ್ನೆಯೂ ಅಂತಿತ್ತು, ಇವತ್ತು ಜೋರಾಗಿದೆ ಎಂದಳು. ಹಳೇ ಗಾಡಿ ಹಂಗೇ ಎಂದು ಅವನು ಮುಂದೆ ನೋಡಿದ. ಅವಳು ಕೈ ಚಾಚಿ ಇಂಜಿನ್ ಆರಿಸುವ ಗುಬುಟು ಎಳೆದೇಬಿಟ್ಟಳು. ಜೀಪು ನಡುರಸ್ತೆಯಲ್ಲಿ ಕುಸಿದು ನಿಂತಿತು. ಇಷ್ಟು ವರ್ಷದಲ್ಲಿ ಆ ಗುಬುಟು ಮುಟ್ಟಿದವರು ಬೇರೆ ಯಾರೂ ಇಲ್ಲ. ಕೆರಿಯಪ್ಪ ಬೈಯಲು ಬಾಯಿ ತೆರೆದವನು ಅವಳ ಮುಖ ನೋಡಿ, ಇಳಿದು ಬಾನೆಟ್ ಎತ್ತಿದ. ಜನ ಇಳಿದು ಬಸ್ಸು ಕಾದರು. ಪರಮೇಶ್ವರಪ್ಪನ ಗ್ಯಾರೇಜಿನ ತನಕ ಜೀಪನ್ನು ಲಾರಿಗೆ ಹಗ್ಗ ಕಟ್ಟಿ ಎಳೆಸಬೇಕಾಯಿತು.

ಇಂಜಿನ್ನಿನ ನೆತ್ತಿಯ ಟ್ಯಾಪೆಟ್ ಕವರ್ ಬಿಚ್ಚಿದರೆ ಒಳಗೆ ಒಣಕಲು. ಎಣ್ಣೆಯಲ್ಲಿ ಮೀಯುತ್ತಿರಬೇಕಾದ, ವಾಲ್ವು ಒತ್ತುವ ರಾಕರುಗಳು ಒಣಗಿ, ಒಂದೆರಡು ಕಡೆ ಕಬ್ಬಿಣ ನೀಲಿ ತಿರುಗಿತ್ತು. ಕೆರಿಯಪ್ಪ ಬಗ್ಗಿ ಒಂದನ್ನು ಮುಟ್ಟಿ ನೋಡಿದ. ಮುಳ್ಳು ಅಷ್ಟು ಮೇಲಿತ್ತಲ್ಲ ಎಂದ. ಮುಳ್ಳು ಮೇಲಿದ್ದದ್ದು ಆಯಿಲ್ ಕೆಳಗೇ ಕಟ್ಟಿಕೊಂಡು ನಿಂತಿದ್ದಕ್ಕೆ ಎಂದು ಪರಮೇಶ್ವರಪ್ಪ ತಲೆ ಚಚ್ಚಿಕೊಂಡ. ಯಾವ ಆಯಿಲ್ ಎಂದು ಕೇಳಿ, ಉತ್ತರ ಕೇಳಿ, ಇನ್ನೊಮ್ಮೆ ಚಚ್ಚಿಕೊಂಡ. ಎಳೆ ನೋಡಿ ತಂದೆ ಎಂದು ಕೆರಿಯಪ್ಪ ಸಣ್ಣ ದನಿಯಲ್ಲಿ ಹೇಳಿದ.

ದುರ್ಗಮ್ಮ ಆಲೆಮನೆಯಲ್ಲೇ ಬೆಳೆದವಳು. ಅವಳಪ್ಪ ಚೌಡನ ಕೊಪ್ಪರಿಗೆಯ ಜೋನಿಗೆ ಸುತ್ತ ಹೆಸರಿತ್ತು. ಅವಳಿಗೆ ನಗುವೂ ಬಂತು, ಸಿಟ್ಟೂ ಬಂತು.

"ಚಳೀಲಿ ಜೋನಿ ಡಬ್ಬ ಬೋರಲು ಹಾಕಿದ್ರೂ ಇಳೀತದಾ? ಅದೇ ಕೊಪ್ಪರಿಗೇಲಿ ಕುದಿಯೋವಾಗ ನೀರಿನಂಗೆ ಇರ್ತದೆ. ತಣ್ಣಗಿದ್ದಾಗ ಒಂದು ಹದ, ಕಾದಾಗ ಒಂದು ಹದ. ನೀವು ಒಂದೇ ನೋಡಿ ತಂದ್ರಿ," ಎಂದಳು.

ವಿಷಯ ಅಷ್ಟೇ ಎಂದು ಪರಮೇಶ್ವರಪ್ಪನೂ ಒಪ್ಪಿದ. ಬೆಳಗಿನ ಚಳಿಯಲ್ಲಿ ಮೇಲಿನ ತನಕ ಹರಿದು ಹೋಗಬೇಕು, ಏರು ಹತ್ತಿ ಕಾದಾಗ ಸವೆದ ಸಂದುಗಳಲ್ಲಿ ನೀರಾಗಿ ಸೋರಬಾರದು. ಹೊಸ ಕಾರಿನ ತೆಳು ಆಯಿಲ್ ಇದಕ್ಕೆ ಆಗದು, ಗೇರ್ ಆಯಿಲ್ ಮೊದಲೇ ಆಗದು, ಇಪ್ಪತ್ತು-ಐವತ್ತು ಎನ್ನುವ ನಂಬರಿನದು ಈ ಮುದಿ ಜೀವಕ್ಕೆ ಸರಿ ಎಂದ. ಮೊದಲನೆಯ ನಂಬರು ಚಳಿಗೆ, ಎರಡನೆಯದು ಶಾಖಕ್ಕೆ. ದಿನಾ ಕಡ್ಡಿ ಎಳೆದು ನೋಡಿ ಕಮ್ಮಿಯಾದಷ್ಟು ಸೇರಿಸು, ಎಬ್ಬಿಸಿದ ಕೂಡಲೇ ಓಡಿಸಬೇಡ, ಹೊಗೆ ಪೂರ್ತಿ ಹೋಗುವ ಆಸೆ ಇಟ್ಟುಕೊಳ್ಳಬೇಡ ಎಂದೂ ಹೇಳಿದ. ಗೇರ್ ಆಯಿಲನ್ನು ಬಿಸಿ ಮಾಡಿ ಇಳಿಸಿದರು. ಒರಲೆ, ಗೆದ್ದಲು ಹತ್ತದಂತೆ ಕೊಟ್ಟಿಗೆಯ ಕಂಬಕ್ಕೆ ಬಳಿಯಲು ಆಗುತ್ತದೆಂದು ದುರ್ಗಮ್ಮ ಅದನ್ನು ಡಬ್ಬಕ್ಕೆ ತುಂಬಿಸಿಕೊಂಡಳು.

ಹೊಸ ಆಯಿಲ್ ಹಾಕಿ, ಟ್ಯಾಪೆಟ್ ಕವರ್ ಮುಚ್ಚದೆ, ಪರಮೇಶ್ವರಪ್ಪ ಇಂಜಿನ್ ಎಬ್ಬಿಸಿದ. ಕೆರಿಯಪ್ಪ ಬಗ್ಗಿ ನೋಡಿದ. ಒಣಗಿದ ರಾಕರುಗಳು ಮೇಲೆ ಕೆಳಗೆ ಕುಣಿಯುತ್ತಿದ್ದವು. ಮೊದಲು ಏನೂ ಇಲ್ಲ. ಆಮೇಲೆ ತುದಿಯ ಒಂದು ರಾಕರಿನ ಸಂದಿನಲ್ಲಿ ಒಂದು ಹನಿ ಹುಟ್ಟಿತು. ಹೊನ್ನಿನ ಬಣ್ಣದ, ಬಿಸಿಲಿಗೆ ಹೊಳೆಯುವ ಒಂದೇ ಹನಿ. ಅದು ದಪ್ಪಗಾಗಿ ಜಾರಿತು, ಪಕ್ಕದ್ದರಲ್ಲಿ ಇನ್ನೊಂದು ಹುಟ್ಟಿತು, ಅದರಾಚೆ ಮತ್ತೊಂದು. ನೋಡನೋಡುತ್ತಿದ್ದಂತೆ ಸಾಲಿಗೆ ಸಾಲೇ ಒದ್ದೆಯಾಗಿ ಮಿನುಗತೊಡಗಿತು. ಕೆಳಗಿನ ಚೇಂಬರಿನಿಂದ, ಕಣ್ಣಿಗೆ ಕಾಣದ ದಾರಿಯಲ್ಲಿ, ಯಾರೂ ಹೊತ್ತು ತರದೆ ಆಯಿಲ್ ತಾನಾಗಿ ಮೇಲೆ ಬಂದಿತ್ತು. ಇಷ್ಟು ವರ್ಷ ಪ್ರತಿ ಬೆಳಗ್ಗೆ ತನ್ನ ಮೊಣಕಾಲ ಮುಂದೆಯೇ ಇದು ನಡೆಯುತ್ತಿತ್ತು ಎನ್ನುವುದು ಅವನಿಗೆ ನಂಬಲಾಗಲಿಲ್ಲ.

ಪರಮೇಶ್ವರಪ್ಪ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಗೆ ಕಿವಿ ಕೊಟ್ಟು ಕೇಳಿ, ನೀನೂ ಕೇಳು ಎಂದು ಕೆರಿಯಪ್ಪನ ಕೈಗೆ ಕೊಟ್ಟ. ಕೆರಿಯಪ್ಪ ಕಿವಿಗೆ ಹಿಡಿದ. ಏನೂ ಇಲ್ಲ. ತಲೆಯಾಡಿಸಿ, ಹಾಂ, ಸರಿಯಾಗಿದೆ ಎಂದ. ಅಲ್ಲೇ ನಿಂತಿದ್ದ ದುರ್ಗಮ್ಮ ಅವನೆದುರಿಗೆ ಬಂದು, ಅವನು ತುಟಿ ನೋಡುವ ಹಾಗೆ ನಿಂತು, ನಿಧಾನವಾಗಿ ಹೇಳಿದಳು.

"ಹಲ್ಲಲ್ಲಿ ಕಚ್ಚಿ ಹಿಡೀರಿ. ನನ್ನಪ್ಪ ಗಾಣದ ಸದ್ದು ಹಂಗೇ ಕೇಳ್ತಿದ್ದ, ಕಿವಿ ಹೋದ ಮೇಲೆ."

ಕೆರಿಯಪ್ಪ ಸ್ಕ್ರೂಡ್ರೈವರನ್ನು ಕಿವಿಯಿಂದ ಇಳಿಸಿದ. ಪರಮೇಶ್ವರಪ್ಪ ಏನೂ ಕಾಣದವನಂತೆ ಪಾನಾ ಒರೆಸುತ್ತ ಆಚೆ ಹೋದ. ಬೇರೆ ದಾರಿ ಇರಲಿಲ್ಲ. ಕೆರಿಯಪ್ಪ ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಇಂಜಿನ್ನಿನ ಮೇಲೆ ಬಗ್ಗಿದ. ಸದ್ದು ದವಡೆಯಿಂದ ಹತ್ತಿ ತಲೆಬುರುಡೆ ತುಂಬಿತು. ನಾಲ್ಕು ಸಿಲಿಂಡರು, ಒಂದರ ಹಿಂದೆ ಒಂದು, ಧಗಧಗ ಧಗಧಗ, ನಡುವೆ ಆ ಹಳೇ ಸಣ್ಣ ಉಬ್ಬಸವೂ ಹಾಗೇ ಇತ್ತು. ಅವನ ಇಂಜಿನ್, ಅವನ ಪ್ರಾಯದ ಕಾಲದ ಅದೇ ದನಿ. ಕೈಯೆಲ್ಲ ಆಯಿಲ್ ಆಗಿದೆ, ಬಾಯಲ್ಲಿ ಕಬ್ಬಿಣದ ರುಚಿ, ಕಣ್ಣಿಂದ ನೀರು ಸುರಿಯುತ್ತಿದೆ, ಅವನಿಗೆ ಏಳಲು ಮನಸ್ಸೇ ಇಲ್ಲ. ಕಡೆಗೆ ದುರ್ಗಮ್ಮನೇ ಹೆಗಲು ಹಿಡಿದು ಎಬ್ಬಿಸಿದಳು.

ಯಾವಾಗಿನಿಂದ ಗೊತ್ತು ಎಂದು ಅವನು ಕೇಳಿದ. ಮೀಟರು ಸೊನ್ನೆಯಾದ ದಿನದಿಂದ ಎಂದಳು ಅವಳು. ಅವತ್ತು ಹಿಂದೆ ಕೂತ ಅಷ್ಟೂ ಜನ ನಿಲ್ಸು ನಿಲ್ಸು ಎಂದು ಬೊಬ್ಬೆ ಹಾಕಿದರೂ ಅವನು ಒಂದು ತಿರುವು ದಾಟಿ ಹೋಗಿದ್ದನಂತೆ. ಅವಳು ತೋಳು ಜಗ್ಗಿ ಮೀಟರು ತೋರಿಸಿದ ಮೇಲೆಯೇ ನಿಂತದ್ದು. ಕೆರಿಯಪ್ಪ ಆ ದಿನವನ್ನು ಎಷ್ಟು ಸಲ ನೆನೆದಿದ್ದ. ಅದರಲ್ಲಿ ಬೊಬ್ಬೆಯೇ ಇರಲಿಲ್ಲ.

ಮನೆಗೆ ಹೋಗುವಾಗ ಅವನು ದಾರಿಯುದ್ದಕ್ಕೂ ಗಾಡಿಯನ್ನು ನಿಧಾನವಾಗಿ ಓಡಿಸಿದ. ಇಂಜಿನ್ನಿಗೆ ತಪ್ಪು ಊಟ ಹಾಕಿ ಕೊಲ್ಲುತ್ತಿದ್ದೆ, ಜನರನ್ನೂ ಹಾಗೇ ಕೊಂದೇನು ಎಂಬ ಯೋಚನೆ ತಲೆಗೆ ಹೊಕ್ಕಿತ್ತು. ಮರುದಿನ ಹೆಗ್ಗರಣೆಯಲ್ಲಿ ಜನ ಹತ್ತಿ ಕೂತ ಮೇಲೆ ಅವನು ಜೀಪಿನ ಹಿಂದೆ ಹೋಗಿ, ಬೀಗದ ಕೈ ಬೊಗಸೆಯಲ್ಲಿ ಹಿಡಿದು ನಿಂತ.

"ನಂಗೆ ಕಿವಿ ಕೇಳೂದಿಲ್ಲ. ಭಾಳ ವರ್ಷ ಆತು. ಇಳಿಯೋರು ಇಳೀಬಹುದು, ಗಾಡಿ ಹೊಡೆಯೂದೇ ಬಿಡು ಅಂದ್ರೂ ಬಿಡ್ತೇನೆ," ಎಂದ.

ಹೊಸದಾಗಿ ಬಂದಿದ್ದ ಒಬ್ಬ ಮಾಸ್ತರರು ಚೀಲ ಎತ್ತಿಕೊಂಡು ಇಳಿದರು. ಅದು ನ್ಯಾಯವೇ ಎಂದು ಕೆರಿಯಪ್ಪ ಅವರಿಗೆ ದಾರಿ ಬಿಟ್ಟ. ಬೇರೆ ಯಾರೂ ಅಲುಗಲಿಲ್ಲ. ಮೊದಲಿನಿಂದಲೂ ಇದೇ ಜೀಪಿನಲ್ಲಿ ಸೊಸೈಟಿಗೆ ಹೋಗುವ ಅನಂತಮೂರ್ತಿ ಹೆಗಡೆಯವರು ಮೂಲೆಯಿಂದ ಕತ್ತು ಚಾಚಿ, ಅವನಿಗೆ ತುಟಿ ಕಾಣುವ ಹಾಗೆ ಹೇಳಿದರು.

"ಅದೆಂತ ಹೊಸ ಸುದ್ದಿಯಾ ಮಾರಾಯ? ನಾವು ತಗಡು ಬಡಿಯೋದು ಮತ್ತೆಂತಕ್ಕೆ?"

ಆಗ ಅವನಿಗೆ ಹೊಳೆಯಿತು. ಮೊದಲೆಲ್ಲ ಇಳಿಯುವವರು ಬಾಯಲ್ಲಿ ಹೇಳುತ್ತಿದ್ದರು. ಈಚಿನ ವರ್ಷಗಳಲ್ಲಿ ಮುದುಕಿಯರು ಸಹ ಗುದ್ದಿ ಗುದ್ದಿ ತಗಡು ಬಡಿಯುತ್ತಿದ್ದರು. ಆ ಬಡಿತ ಸೀಟಿನಿಂದ ಬೆನ್ನಿಗೆ ಬಂದು ಮುಟ್ಟುತ್ತಿತ್ತು, ಅವನು ನಿಲ್ಲಿಸುತ್ತಿದ್ದ. ನಿಲ್ಲಿಸಿ, ಗಾಡಿ ನಗ್ಗು ಮಾಡ್ತೀರಿ, ನಿಮ್ಮಪ್ಪನ ಗಂಟಾ ಎಂದು ಬಾಯಿಗೆ ಬಂದಂತೆ ಬೈಯುತ್ತಿದ್ದ. ದಾರಿಯ ಅಷ್ಟೂ ಊರಿನವರು ಬೈಸಿಕೊಂಡು, ಒಂದು ಮಾತು ಆಚೆ ಬಿಡದೆ ಬಡಿದಿದ್ದರು. ಅವನು ಜೀಪಿನ ಮೈಮೇಲೆ ಕೈಯಾಡಿಸಿದ. ಅಂಗೈಯಗಲದ ನಗ್ಗುಗಳು, ಒಂದರ ಪಕ್ಕ ಒಂದು, ಲೆಕ್ಕವಿಲ್ಲದಷ್ಟು. ಬಾನೆಟ್ ಎತ್ತಿ ನಿಂತಾಗ ಆಗುತ್ತಿದ್ದ ಹಾಗೆ ಅವನ ಬಾಯಿ ಅರ್ಧ ತೆರೆದುಕೊಂಡಿತು. ಹೊರಡು ಮಾರಾಯ, ಹೊತ್ತಾಯಿತು ಎಂದು ಯಾರೋ ತಗಡು ಬಡಿದರು.

ಅವನು ಬಂದು ಸೀಟಿನಲ್ಲಿ ಕೂತ. ಇಂಜಿನ್ ಎಬ್ಬಿಸಿ, ಹೇಳಿಸಿಕೊಂಡಿದ್ದ ಹಾಗೆ ಆಯಿಲ್ ಮೇಲೆ ಹತ್ತಲೆಂದು ಕಾದ. ದುರ್ಗಮ್ಮ ಬಂದು ಪಕ್ಕದಲ್ಲಿ ಕೂತಳು. ಅವಳ ಮಡಿಲು ಖಾಲಿ ಇತ್ತು.

"ಬುಟ್ಟಿ ಎಲ್ಲಿ?" ಎಂದ ಕೆರಿಯಪ್ಪ.

"ಇನ್ನೆಂತಕ್ಕೆ ಅದು," ಎಂದು ಅವಳು ರಸ್ತೆಯ ಕಡೆ ಮುಖ ಮಾಡಿ, ಅವನ ತೋಳಿನ ಮೇಲೆ ಕೈಯಿಟ್ಟಳು.