ಅಪ್ಪ ‘ಬಿಡು’ ಅಂದಿದ್ದ

ಅಪ್ಪ ಕಟ್ಟಿದ ಪದದಲ್ಲಿ, ಅವನ ಕೊನೆಯ ಹಾಡಿನಲ್ಲಿ, ಒಂದು ಮಾತನ್ನು ನಾನು ತಿರುಚಿದೆ, ಶಂಕರಣ್ಣಾ. ಬೇಕೆಂದೇ ತಿರುಚಿದೆ. ಮಗನಿಗೆ ಅಪ್ಪ ಹೇಳಿದ ಬುದ್ಧಿಮಾತೆಂದು ನರಗುಂದದವರೆಗೂ ಮಕ್ಕಳು ಬಾಯಿಪಾಠ ಮಾಡುವ, ಸಾಲಿಯ ಗೋಡೆಯ ಮೇಲೆ ಬರೆಸಿರುವ ಆ ಪದದ ಕೊನೆಯ ಸಾಲು ಅಪ್ಪನದಲ್ಲ — ನನ್ನದು.

ನಿನಗೆ ನೆನಪಿರಬೇಕು. ಭಜನೆಗೆ ಪದ ಕಟ್ಟುತ್ತಿದ್ದ ಅಪ್ಪ ಹಾಸಿಗೆ ಹಿಡಿದಿದ್ದ. ಗಜೇಂದ್ರಗಡದ ನಮ್ಮ ಪಡಸಾಲೆಯಲ್ಲಿ ನೀನು ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದೆ. ಆ ಲಟಪಟ ಸದ್ದಿನಲ್ಲಿ ಅವನ ಮಾತು ನಿನಗೆ ಕೇಳುವಂತಿರಲಿಲ್ಲ. ಅವನು ಕಟ್ಟುತ್ತ ಹೋದ, ನಾನು ಪಕ್ಕದಲ್ಲಿ ಕೂತು ಬಾಯಿಪಾಠ ಮಾಡಿಕೊಂಡೆ. ಸಾಲು ಸಾಲಿಗೂ ‘ಮಗನ’ — ಆ ಮಗ ನೀನು. ಕಾಲೇಜು ಕಲಿಯುತ್ತಿದ್ದ ನನಗೆ ಒಂದು ಬೈಗುಳವೂ ಇರಲಿಲ್ಲ. ಹೊಟ್ಟೆ ಉರಿಯಿತು. ಇವತ್ತಿಗೂ ಉರಿಯುತ್ತದೆ, ಸುಳ್ಳೇಕೆ ಹೇಳಲಿ.

ಕೊನೆಗೆ ಅಪ್ಪ ನನ್ನ ಮುಂಗೈ ಹಿಡಿದು ಪದದ ಕೊನೆಯ ಸಾಲು ಹೇಳಿದ:

“ಕುಣಿ ಬಿಡು, ಮಗನ. ನನ್ನ ಜಲ್ಮ ಸವದ ಜಾಗಾ ಅದು.”

ನರಗುಂದದಲ್ಲಿ ಮೋಟರು ರಿಪೇರಿ ಅಂಗಡಿ ಹಾಕಲು ನೀನು ಗೆಳೆಯನೊಡನೆ ಮಾತಾಡಿಕೊಂಡಿದ್ದೆ; ಅಪ್ಪನಿಗೆ ಅದು ಗೊತ್ತಿತ್ತು. ನೀನು ಹೋದರೆ ಮಗ್ಗ ನನ್ನ ಕೊರಳಿಗೆ — ಅದು ನನಗೂ ಗೊತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ಓಣಿಯವರೆಲ್ಲ ಕೂಡಿದಾಗ ಎದ್ದು ನಿಂತು ಪದ ಹೇಳಿದೆ. ‘ಬಿಡು’ ಅನ್ನುವಲ್ಲಿ ‘ಬಿಡಬ್ಯಾಡ’ ಅಂದೆ. ಅಷ್ಟೇ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನೀನು ಗೆಳೆಯನನ್ನು ಕರೆದು ಹೇಳಿದೆ, “ಅಪ್ಪ ಹೇಳ್ಯಾನ. ಮುಗೀತು.”

ನಿನ್ನ ದುಡಿಮೆಯ ಅನ್ನ ತಿಂದು ರೋಣದಲ್ಲಿ ಮಾಸ್ತರನಾದೆ. ಆ ಪದವನ್ನು ಸಭೆಯಿಂದ ಸಭೆಗೆ ಹೊತ್ತು ತಿರುಗಿ ಶಾಲು ಹೊದಿಸಿಕೊಂಡವನೂ ನಾನೇ. ಆ ಸಭೆಗಳಲ್ಲಿ ಕಾಯಕ, ಘನತೆ ಎಂದು ಭಾಷಣ ಬಿಗಿಯುವ ದೊಡ್ಡ ಮನುಷ್ಯರೇ — ನಿಮ್ಮಲ್ಲಿ ಒಬ್ಬರಾದರೂ ಕುಣಿಯಲ್ಲಿ ಕಾಲಿಟ್ಟಿದ್ದೀರಾ? ಮೊನ್ನೆ ಒಂದು ಸಾಲಿಯಲ್ಲಿ ಮಕ್ಕಳು ಪದದ ಆ ಮಾತಿಗೆ ಗೆಜ್ಜೆ ಕಟ್ಟಿಕೊಂಡು ಕುಣಿದರು. ಬೇರೆ ಸೀಮೆಯಿಂದ ಬಂದ ಟೀಚರು ಕುಣಿ ಎಂದರೆ ಮಗ್ಗದ ಗುಂಡಿಯೆಂದು ತಿಳಿಯದೆ ಕುಣಿತ ಎಂದುಕೊಂಡಿದ್ದರು. ಜನ ಚಪ್ಪಾಳೆ ತಟ್ಟಿದರು. ನಾನೂ ಹಲ್ಲು ಕಡಿಯುತ್ತ ತಟ್ಟಿದೆ.

ನಿನ್ನ ಮೊಣಕಾಲು ಈಗ ಮಡಚುವುದಿಲ್ಲ. ಮಗ್ಗ ಬಿಡಿರಿ ಎಂದ ಡಾಕ್ಟರಿಗೆ ಅದೇ ಸಾಲು ಹೇಳಿ ನಕ್ಕೆ ನೀನು. ನಿನ್ನ ಮೇಲೂ ನನಗೆ ಸಿಟ್ಟಿದೆ. ಯಾಕೆ ನಂಬಿದೆ? ಅಪ್ಪ ಖರೇನ ಹಂಗಂದನೇನು ಎಂದು ಒಮ್ಮೆಯಾದರೂ ಕೇಳಿದ್ದರೆ — ಕೇಳಿದ್ದರೂ ಸುಳ್ಳೇ ಹೇಳುತ್ತಿದ್ದೆ.

ನಾಳೆ ಬರುತ್ತೇನೆ. ಮಗ್ಗ ನಿಲ್ಲಿಸಿಡು, ಈ ಸಲ ಸದ್ದು ಇರಬಾರದು. ಅಪ್ಪ ಹೇಳಿದ್ದನ್ನು ಅವನು ಹೇಳಿದ ಹಾಗೆಯೇ ಹೇಳುತ್ತೇನೆ. ನಿನ್ನ ಕಾಲಿಗೆ ಮಾತ್ರ ಬೀಳುವುದಿಲ್ಲ. ಬಿದ್ದರೆ ನೀನು ಎತ್ತಿ ಅಪ್ಪಿಕೊಂಡುಬಿಡುತ್ತೀ.