ನೀಲಿ ಪರದೆಯ ಮೇಲೊಂದು ತಕರಾರು ಅರ್ಜಿ

ಯಾರಾದರೂ ನನ್ನೆದುರು ‘ಅಪ್‌ಗ್ರೇಡ್’ ಎಂದರೆ ಈಗಲೂ ಮೈಯೆಲ್ಲ ಉರಿಯುತ್ತದೆ. ಇರುವುದು ನೆಟ್ಟಗೆ ಕೆಲಸ ಮಾಡುತ್ತಿದೆಯಲ್ಲ, ಅದನ್ನು ಯಾಕಯ್ಯಾ ಕೀಳುತ್ತೀಯ ಎಂದು ಕೇಳಿ ನೋಡಿ. ‘ಹಳೇದಾಯ್ತು’ ಎನ್ನುತ್ತಾರೆ. ಹಳೆಯದಾಗುವುದೂ ಒಂದು ಅಪರಾಧವೇ? ತೊಂಬತ್ತರ ದಶಕದಲ್ಲಿ, ಅಮೆರಿಕದ ಕೊಲಂಬಿಯಾ ಎಂಬ ಊರಿನ ನಮ್ಮ ಮನೆಗೆ ಹೀಗೇ ಒಂದು ಹೊಸ ಕಂಪ್ಯೂಟರ್ ಬಂದು ನಮ್ಮ ಮಾವನವರ ಬರವಣಿಗೆಯನ್ನು ನುಂಗಿ ನೀರು ಕುಡಿಯಲು ಹೊರಟಿತ್ತು. ಆ ಸಿಟ್ಟು ಇನ್ನೂ ಆರಿಲ್ಲ. ಆರಲಿ ಎಂದು ನಾನೂ ಊದಿಲ್ಲ.

ಆಗ ನಾನು ರಾಕ್‌ವಿಲ್‌ನ ಒಂದು ಸಣ್ಣ ಕಂಪನಿಯಲ್ಲಿದ್ದೆ. ಹೊಸ ಔಷಧಿಗಳಿಗೆ ಸರಕಾರದ ಒಪ್ಪಿಗೆ ಪಡೆಯಲು ಬೇಕಾದ ದಪ್ಪ ದಪ್ಪ ವರದಿಗಳನ್ನು ಟೈಪ್ ಮಾಡಿ, ತಿದ್ದಿ, ಅಚ್ಚುಕಟ್ಟು ಮಾಡಿಕೊಡುವುದು ನನ್ನ ಕೆಲಸ. ನಮ್ಮಲ್ಲಿದ್ದದ್ದು ಹಳೆಯ ಕಾಲದ ವರ್ಡ್ ಪ್ರೊಸೆಸರ್. ಸ್ವಿಚ್ ಒತ್ತಿದರೆ ಕಡುನೀಲಿ ಪರದೆ, ಅದರ ಮೇಲೆ ಬಿಳಿ ಅಕ್ಷರ, ಮುಗಿಯಿತು. ಚಿತ್ರವಿಲ್ಲ, ಗುಂಡಿಯಿಲ್ಲ, ‘ನಿಮಗೇನು ಸಹಾಯ ಬೇಕು’ ಎಂದು ಹಲ್ಲು ಕಿರಿಯುವವರಿಲ್ಲ. ಕೀಲಿಗಳ ಮೇಲ್ಗಡೆ ಒಂದು ರಟ್ಟಿನ ಪಟ್ಟಿ ಅಂಟಿಸಿರುತ್ತಿದ್ದೆವು, ಯಾವ ಕೀಲಿ ಒತ್ತಿದರೆ ಏನಾಗುತ್ತದೆ ಎಂದು. ಎಫ್ ಹತ್ತು ಒತ್ತಿದರೆ ಬರೆದದ್ದು ಭದ್ರ. ಶಿಫ್ಟ್ ಹಿಡಿದು ಎಫ್ ಏಳು ಒತ್ತಿದರೆ ಪ್ರಿಂಟ್. ಸ್ವಲ್ಪ ದಿನಕ್ಕೆ ಆ ಪಟ್ಟಿಯೂ ಬೇಡವಾಗುತ್ತಿತ್ತು. ಪಕ್ಕದ ಮೇಜಿನವಳ ಮಗಳ ಮದುವೆಯ ವಿಷಯ ಮಾತಾಡುತ್ತಲೇ ನಾನು ಇಡೀ ವರದಿಯ ಪುಟಸಂಖ್ಯೆ ಸರಿಮಾಡಿ ಮುಗಿಸುತ್ತಿದ್ದೆ. ಕೈ ಕೀಲಿ ಬಿಟ್ಟು ಕದಲುತ್ತಿರಲಿಲ್ಲ.

ಇದರ ಬೆಲೆ ನನಗಿಂತ ಚೆನ್ನಾಗಿ ಗೊತ್ತಾದದ್ದು ಮಾವನವರಿಗೆ. ಅವರು ಮೈಸೂರಿನ ಕೋರ್ಟಿನಲ್ಲಿ ಟೈಪಿಸ್ಟ್ ಆಗಿ ನಿವೃತ್ತರಾದವರು. ಅತ್ತೆ ತೀರಿಕೊಂಡ ಮೇಲೆ ನಮ್ಮ ಜೊತೆ ಬಂದಿದ್ದರು. ಗ್ಲಾಕೋಮಾದಿಂದ ಅವರ ಕಣ್ಣು ಸುತ್ತಲಿಂದ ಮಸುಕಾಗುತ್ತ ಬಂದು, ಕೊಳವೆಯೊಳಗಿಂದ ನೋಡಿದ ಹಾಗೆ ನಡುವಿನದಷ್ಟೇ ಕಾಣುತ್ತಿತ್ತು. ಬಿಳಿ ಹಾಳೆ ನೋಡಿದರೆ ಕಣ್ಣು ಚುಚ್ಚುತ್ತಿತ್ತು. ಕಡುನೀಲಿಯ ಮೇಲೆ ಬಿಳಿ ಅಕ್ಷರ ಮಾತ್ರ ಕಾಣುತ್ತಿತ್ತು. ಕಾಣದಿದ್ದರೂ ಅಂಥ ನಷ್ಟವಿರಲಿಲ್ಲ, ಬೆರಳಿಗೆ ಎಲ್ಲ ಗೊತ್ತಿತ್ತಲ್ಲ. ಮನೆಯ ಕಂಪ್ಯೂಟರಿನಲ್ಲೂ ನನ್ನ ಆಫೀಸಿನದೇ ವರ್ಡ್ ಪ್ರೊಸೆಸರ್ ಇತ್ತು. ಮೊದಲ ದಿನವೇ ಕೀಲಿಗಳ ಮೇಲೆ ಕೈಯಾಡಿಸಿ, “ಇದು ನಮ್ಮ ಕೋರ್ಟಿನ ಮೆಷಿನ್ನೇ ಕಣಮ್ಮ, ಗಂಟೆ ಹೊಡಿಯಲ್ಲ ಅಷ್ಟೆ,” ಎಂದರು. ಅವರು ಕುಟ್ಟುವ ರಭಸಕ್ಕೆ ಮೇಜಿನ ಮೇಲಿನ ಕಾಫಿ ಲೋಟ ಜಾರಿ ಅಂಚಿಗೆ ಬರುತ್ತಿತ್ತು.

ಬರೆಯುತ್ತಿದ್ದದ್ದು ಮೊಮ್ಮಗಳಿಗೆ. ನನ್ನ ಮಗಳು ಇಲ್ಲೇ ಹುಟ್ಟಿದವಳು. ಕನ್ನಡ ಅಷ್ಟಿಷ್ಟು ಮಾತಾಡುತ್ತಿದ್ದಳು, ಅಕ್ಷರ ಬರುತ್ತಿರಲಿಲ್ಲ. ಅದಕ್ಕೇ ತಾತ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ, ತಾವು ಕಂಡ ಕೋರ್ಟಿನ ಕಥೆಗಳನ್ನು ದಿನಾ ಇಷ್ಟಿಷ್ಟು ಬರೆದಿಡುತ್ತಿದ್ದರು. ಸ್ಕೂಲ್ ಬಸ್ಸಿಳಿದು ಬಂದವಳು ಬೂಟು ಬಿಚ್ಚಿ, ಪರದೆಯ ಮುಂದೆ ಕೂತು, ತನ್ನ ಅಮೆರಿಕನ್ ನಾಲಿಗೆಯಲ್ಲಿ ಅದನ್ನು ಜೋರಾಗಿ ಓದುವಳು. ತಾತ ಕಣ್ಣು ಮುಚ್ಚಿಕೊಂಡು ಕೇಳುವರು. ಆ ಮನುಷ್ಯನ ಇಡೀ ದಿನ ಆ ಅರ್ಧ ಗಂಟೆಗಾಗಿ ಕಾದಿರುತ್ತಿತ್ತು. ಬಾಯಲ್ಲೇ ಹೇಳಿ ತಾತ ಎಂದರೆ ಮಾತ್ರ ಒಪ್ಪುತ್ತಿರಲಿಲ್ಲ.

“ಬಾಯಲ್ಲಿ ಹೇಳಿದ್ದಕ್ಕೆ ಕೋರ್ಟಲ್ಲಿ ಬೆಲೆ ಇಲ್ಲ ಪುಟ್ಟೀ. ಟೈಪಾಗಿ ಬರ್ಬೇಕು.”

ಆ ದಸರೆಯ ಹೊತ್ತಿಗೆ ನಡೆಯುತ್ತಿದ್ದದ್ದು ಹುಂಜದ ಕೇಸು. ಒಂದೇ ಹುಂಜಕ್ಕೆ ಇಬ್ಬರು ವಾರಸುದಾರರು. ಹುಂಜವನ್ನೇ ಸಾಕ್ಷಿಗೆ ಬುಟ್ಟಿಯಲ್ಲಿ ತಂದಿದ್ದಾರೆ. ವಕೀಲರು ಎದ್ದು ನಿಂತಾಗಲೆಲ್ಲ ಅದು ಕೂಗುತ್ತದೆ. ಮುಂದಿನ ವಾಯಿದೆಯವರೆಗೆ ಹುಂಜ ಕೋರ್ಟಿನ ವಶದಲ್ಲಿರಲಿ ಎಂದು ಆಜ್ಞೆಯಾಗುತ್ತದೆ. ವಾಯಿದೆಯ ದಿನ ಬುಟ್ಟಿ ಬಂತು, ಹುಂಜ ಬರಲಿಲ್ಲ. ಶುಕ್ರವಾರ ಅಲ್ಲಿಗೆ ನಿಲ್ಲಿಸಿದ್ದರು. “ಯಾರು ತಿಂದ್ರು ತಾತ? ಪ್ಲೀಸ್, ಟೆಲ್ ಮಿ!” ಎಂದು ಮಗಳು ಗೋಗರೆದರೂ ಬಾಯಿ ಬಿಡಲಿಲ್ಲ.

ಮಾರನೆಯ ಶನಿವಾರ ಆಯುಧಪೂಜೆ. ನಮ್ಮ ಯಜಮಾನರು ಡಾಕ್ಟರು. ಪ್ರತಿ ವರ್ಷ ಅವರ ಸ್ಟೆತಾಸ್ಕೋಪು, ನನ್ನ ಮಿಕ್ಸಿ, ಇಬ್ಬರ ಕಾರು, ಮಾವನವರ ಕಂಪ್ಯೂಟರು ಎಲ್ಲಕ್ಕೂ ಅರಿಶಿನ ಕುಂಕುಮ ಬೀಳುತ್ತಿತ್ತು. ಆ ಸಲ ಬೆಳಿಗ್ಗೆ ಮಾವ ಸ್ನಾನಕ್ಕೆ ಹೋದದ್ದೇ ತಡ, ಇವರು ಗರಾಜಿನಲ್ಲಿ ಬಚ್ಚಿಟ್ಟಿದ್ದ ದೊಡ್ಡ ಪೆಟ್ಟಿಗೆ ತಂದು ಬಿಚ್ಚಿದರು. ಹೊಸ ಕಂಪ್ಯೂಟರ್. ಕಿಟಕಿ, ಚಿತ್ರ, ಮೌಸು, ಸ್ಪೀಕರು, ಏನು ವೈಭವ!

“ಮಾವನವರನ್ನ ಒಂದ್ ಮಾತು ಕೇಳಿದ್ರಾ?” ಎಂದೆ.

“ಸರ್ಪ್ರೈಸ್ ಕಣೇ! ಕೇಳ್ಬಿಟ್ರೆ ಅದೆಂಥಾ ಸರ್ಪ್ರೈಸು?”

“ಹಳೇದನ್ನೂ ಪಕ್ಕದಲ್ಲೇ ಇಟ್ಟಿರಿ.”

“ಆಯ್ತು ಮಾರಾಯ್ತಿ, ಆಯ್ತು.”

ಆಯ್ತು ಎಂದವರು ಏನು ಮಾಡಿದರು ಗೊತ್ತೆ? ಊಟಕ್ಕೆ ಬಂದಿದ್ದ, ಒಂದು ಗಂಟೆ ದಾರಿಯ ಶ್ಯಾಂಟಿಲಿ ಊರಿನ ಗೆಳೆಯರೊಬ್ಬರಿಗೆ ಅದನ್ನು ಎತ್ತಿ ಕೊಟ್ಟರು. ಆ ಪುಣ್ಯಾತ್ಮರು ಅಲ್ಲಿ ಭಾನುವಾರದ ಕನ್ನಡ ಕ್ಲಾಸು ನಡೆಸುತ್ತಿದ್ದರು, ಮಕ್ಕಳಿಗೆಂದು ಹಳೆಯ ಕಂಪ್ಯೂಟರ್ ಒಟ್ಟುಮಾಡುತ್ತಿದ್ದರು. ನಾನು ಒಳಗೆ ಹೋಳಿಗೆಗೆ ತುಪ್ಪ ಬಡಿಸುತ್ತಿದ್ದಾಗ ಹೊರಗೆ ಮಿನಿವ್ಯಾನಿನ ಬಾಗಿಲು ಧಡ್ ಎಂದಿತು. ಹೋಳಿಗೆ ತಿಂದು, ಕೈ ಬೀಸಿ ಹೊರಟೇಹೋದರು, ಕಂಪ್ಯೂಟರ್ ಅವರ ವ್ಯಾನಿನಲ್ಲಿದೆಯೆಂದು ನನಗೆ ಗೊತ್ತೇ ಇಲ್ಲ.

ಇನ್ನು ಮಾವ. ಹೊಸದರ ಮುಂದೆ ಕೂರಿಸಿದರು. ಕೀಲಿಗಳ ಮೇಲೆ ಕೈಯಾಡಿಸಿ, “ಮೆತ್ತಗಿದೆಯಪ್ಪ,” ಎಂದರು. ಅಷ್ಟೆ. ಆಯುಧಪೂಜೆಯ ದಿನ ಆಯುಧ ಮುಟ್ಟಿ ಕೆಲಸ ಮಾಡುವ ಹಾಗಿಲ್ಲ, ಅದಕ್ಕೂ ವಿಶ್ರಾಂತಿ ಬೇಕು. ಅವರು ಅಕ್ಷತೆ ಹಾಕಿ ಕೈ ಮುಗಿದು ಎದ್ದುಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಒಂದು ದಿನದ ಮಡಿಯಿಂದಾಗಿ, ಅವರಿಗೆ ಅದು ಒಗ್ಗುವುದಿಲ್ಲವೆಂದು ಯಾರಿಗೂ ತಿಳಿಯಲೇ ಇಲ್ಲ.

ಭಾನುವಾರ ವಿಜಯದಶಮಿ. ಕೆಲಸ ಮತ್ತೆ ಶುರುಮಾಡುವ ದಿನ. ಮಾವ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು, ಶಾಲು ಹೊದ್ದು ಬಂದು ಕೂತರು. ಪಕ್ಕದಲ್ಲಿ ಮಗಳು. ಸ್ವಿಚ್ ಒತ್ತಿದರೆ ಪರದೆಯ ತುಂಬ ಬಿಳಿ ಬೆಳಕು. ಅವರು ಕಣ್ಣಿಗೆ ಕೈ ಅಡ್ಡ ಹಿಡಿದರು. ನೀಲಿ ಬಂದೀತೆಂದು ಕಾದರು. ಎಫ್ ಹತ್ತು ಒತ್ತಿದರು, ಇನ್ನೇನೋ ಆಯಿತು. ನಮ್ಮವರು ಅವರ ಕೈಯನ್ನು ಮೌಸಿನ ಮೇಲಿಟ್ಟು ಅತ್ತಿತ್ತ ಆಡಿಸಿದರು.

“ಬಾಣದ ಗುರ್ತು ಕಾಣ್ತಿದ್ಯಾ ಅಪ್ಪಾ?”

“ಎಲ್ಲಿ?”

“ಅಲ್ಲೇ, ಮೇಲ್ಗಡೆ. ಈಗ ಕೆಳಗೆ ಬಂತು ನೋಡಿ. ಅಯ್ಯೋ, ಅಷ್ಟು ಜೋರಾಗಿ ಎಳೀಬೇಡಿ.”

ಕೊಳವೆಯೊಳಗಿಂದ ನೋಡುವವರಿಗೆ ಓಡಾಡುವ ಬಾಣ ತೋರಿಸುವ ಡಾಕ್ಟರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ, ಅವರ ಜೊತೆ ಸಂಸಾರವನ್ನೂ ಮಾಡಿದ್ದೇನೆ. ಕೊನೆಗೆ ಇವರೇ ಖಾಲಿ ಪುಟ ತೆಗೆದುಕೊಟ್ಟರು. ಮಾವ ಹುಂಜದ ಕಥೆಯ ಎರಡು ಸಾಲು ಕುಟ್ಟಿದರು. ಮಗಳು ಪರದೆಗೆ ಬಗ್ಗಿದಳು.

“ತಾತ, ಇಟ್ಸ್ ಆಲ್ ರೆಡ್! ಎಲ್ಲಾ ರಾಂಗ್ ಅಂತ ಹೇಳ್ತಿದೆ.”

ಹೌದು. ಆ ಘನಂದಾರಿ ಯಂತ್ರಕ್ಕೆ ಇಂಗ್ಲಿಷ್ ಬಿಟ್ಟು ಬೇರೆಯದೆಲ್ಲ ತಪ್ಪು. ಅವರು ಟೈಪ್ ಮಾಡಿದ ಪ್ರತಿಯೊಂದು ಕನ್ನಡ ಪದದ ಕೆಳಗೂ ಕೆಂಪು ಗೀಟು. ಜಡ್ಜುಗಳಿಂದ ‘ಒಂದು ತಪ್ಪಿಲ್ಲ’ ಎನ್ನಿಸಿಕೊಂಡ ಕೈ ಅದು! ಮೂಲೆಯಲ್ಲೊಂದು ಗೊಂಬೆ ಬೇರೆ ಎದ್ದು, ಕಣ್ಣು ಮಿಟುಕಿಸುತ್ತ, ಸಹಾಯ ಬೇಕೇ ಎಂದು ಕೇಳುತ್ತಿತ್ತು. ಮಾವ ಕೈ ತೆಗೆದರು. ದಿನಾ ಮಾಡುವಂತೆ ಶಾಲಿನ ಅಂಚಿನಿಂದ ಕೀಲಿಗಳನ್ನು ಒರೆಸಿದರು.

“ಸಾಕಮ್ಮ. ಬರ್ದಿದ್ದು ಸಾಕು. ರಿಟೈರಾದವನು ರಿಟೈರಾಗಿರ್ಬೇಕು.”

ಹೋಗಿ ಸೋಫಾದ ಮೇಲೆ ಗೋಡೆ ಕಡೆ ಮುಖ ಮಾಡಿ ಕೂತುಬಿಟ್ಟರು. ನಮ್ಮವರು ನಿಟ್ಟುಸಿರು ಬಿಟ್ಟು, “ಪಾಪ, ಅಪ್ಪನಿಗೂ ವಯಸ್ಸಾಯ್ತು,” ಎಂದರು.

ನನಗೆ ತಡೆಯಲಾಗಲಿಲ್ಲ. “ಏನ್ರೀ ವಯಸ್ಸಾಗಿದ್ದು? ಶುಕ್ರವಾರ ಅಷ್ಟುದ್ದ ಕಥೆ ಬರ್ದಿರೋ ಮನುಷ್ಯನಿಗೆ ಭಾನುವಾರದ ಹೊತ್ತಿಗೆ ವಯಸ್ಸಾಗ್ಬಿಡ್ತಾ? ಗಣಪತಿ ಮಾಡೋಕ್ ಹೋಗಿ ಅವರಪ್ಪನ್ನ ಮಾಡಿದ್ದು ನೀವು! ಎಲ್ಲಿ ಹಳೇದು?” ಆಗ ಹೊರಬಿತ್ತು, ಶ್ಯಾಂಟಿಲಿಗೆ ಹೋದ ಸಂಗತಿ.

ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಬೆಲ್ಟ್‌ವೇ ಎಂಬ ವರ್ತುಲ ರಸ್ತೆಯ ಟ್ರಾಫಿಕ್ಕಿನಲ್ಲಿ, ನದಿಯ ಸೇತುವೆಯ ಮೇಲೆ ಕಾರು ತೆವಳುತ್ತಿದ್ದಾಗ ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಮೌಸು ಕಂಡುಹಿಡಿದವನನ್ನೂ ಬಿಡಲಿಲ್ಲ. ಗೆಳೆಯರು ನಗುತ್ತ ಬಾಗಿಲು ತೆರೆದರು. ವಿಷಯ ಹೇಳಿದೆ.

“ಅಯ್ಯೋ ಅತ್ತಿಗೆ, ನಿನ್ನೇನೇ ಫಾರ್ಮ್ಯಾಟ್ ಮಾಡ್ಬಿಟ್ನಲ್ಲ! ಎಲ್ಲಾ ಅಳಿಸಿ ಕ್ಲೀನ್ ಮಾಡಿದೀನಿ. ತೆಗೆದು ನೋಡ್ದೆ, ಇಂಗ್ಲಿಷೂ ಅಲ್ಲ, ಏನೂ ಅಲ್ಲ, ಬರೀ ಗಾರ್ಬೇಜ್ ಇತ್ತು.”

“ಅದು ಕನ್ನಡ ಕಣ್ರೀ!” ಎಂದು ಕಿರುಚಿದೆ. “ಒಂದ್ ಸಾಲು ಬಾಯಿಬಿಟ್ಟು ಓದಿದ್ರೆ ಗೊತ್ತಾಗ್ತಿತ್ತು. ಕನ್ನಡ ಕ್ಲಾಸ್ ನಡೆಸ್ತೀರಂತೆ, ಕ್ಲಾಸು!”

ಅವರ ಮುಖ ಹುಳ್ಳಗಾಯಿತು. ತಾವೇ ಹೊತ್ತುತಂದು ಡಿಕ್ಕಿಯಲ್ಲಿಟ್ಟರು. ಅವರ ಹೆಂಡತಿ ಕಾಫಿ ತಂದರು. ನಾನು ಕುಡಿಯಲಿಲ್ಲ. ಕನ್ನಡದವರ ಮನೆಯಲ್ಲಿ ಕಾಫಿ ಬೇಡವೆಂದದ್ದು ಆ ಒಂದೇ ಸಲ. ಹಿಂದಿನ ಕಥೆಗಳನ್ನು ಮಗಳು ಆಗಾಗ ಪ್ರಿಂಟ್ ತೆಗೆದಿಟ್ಟಿದ್ದಳು, ಹುಂಜದ್ದು ಮಾತ್ರ ಹೋಯಿತು. ದಾರಿಯಲ್ಲಿ ಅವಳು ಮೆಲ್ಲಗೆ, “ಅಮ್ಮ, ಈಗ ಯಾರು ತಿಂದ್ರು ಅಂತ ಗೊತ್ತೇ ಆಗಲ್ವಾ?” ಎಂದಳು. ನನಗೆ ಅಳು ಬಂತು.

ಮೆಷಿನ್ ಬಂದರೇನು, ವರ್ಡ್ ಪ್ರೊಸೆಸರೇ ಇಲ್ಲ. ಸೋಮವಾರ ಆಫೀಸಿಗೆ ಹೋದರೆ ಅಲ್ಲೂ ಅದೇ ಪಿಡುಗು. ಹೊಸದನ್ನು ಹಾಕಿ ತಿಂಗಳಾಗಿತ್ತು. ನಮಗೆಲ್ಲ ಮೌಸು ಹಿಡಿಯುವ ತರಬೇತಿ ಕೊಟ್ಟು, ಒಂದು ಕೀಲಿಯ ಕೆಲಸಕ್ಕೆ ಪರದೆಯ ತುಂಬ ಅಲೆಯುವುದನ್ನು ಕಲಿಸಿದ್ದರು. ಹಳೆಯ ವರ್ಡ್ ಪ್ರೊಸೆಸರಿನ ಫ್ಲಾಪಿಗಳು ಕಸಕ್ಕೆ ಹೋಗುವ ಡಬ್ಬದಲ್ಲಿ ಬಿದ್ದಿದ್ದವು. ತೆಗೆದುಕೊಳ್ಳಲೇ ಎಂದು ಮೇಲಧಿಕಾರಿಯನ್ನು ಕೇಳಿದರೆ, “ಟೇಕ್ ಇಟ್, ಇಟ್ಸ್ ಟ್ರ್ಯಾಶ್,” ಎಂದು ನಕ್ಕಳು. ಟ್ರ್ಯಾಶ್ ಅಂತೆ! ಸೆರಗಿದ್ದರೆ ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದೆ, ಕೋಟಿನ ಜೇಬಿನಲ್ಲಿ ತುಂಬಿಕೊಂಡು ಬಂದೆ.

ಮನೆಗೆ ಬಂದವಳೇ ಹೊಸದನ್ನು ನಮ್ಮವರ ಓದುವ ಕೋಣೆಗೆ ಸಾಗಿಸಿ, ಹಳೆಯದನ್ನು ಮೇಜಿನ ಮೇಲಿಟ್ಟೆ. ಮಾವ ಸೋಫಾದಿಂದಲೇ, “ಬೇಡಮ್ಮ, ಯಾಕ್ ಸುಮ್ನೆ ನನ್ನಿಂದ ಮನೇಲಿ ಜಗಳ,” ಎಂದರು. ನಾನು ಫ್ಲಾಪಿ ಒಂದೊಂದಾಗಿ ತುರುಕಿದೆ. ಅದು ತನ್ನ ಮಾಮೂಲಿ ದನಿಯಲ್ಲಿ ಗರಗರ ಎಂದಿತು. ಅವರು ಮುಖ ಈ ಕಡೆ ತಿರುಗಿಸಿದರು. ಪರದೆ ನೀಲಿಯಾಗುವಷ್ಟರಲ್ಲಿ, ಕುರ್ಚಿ ತಡವುತ್ತ, ತಾವಾಗಿಯೇ ಬಂದು ಕೂತಿದ್ದರು. ಆ ಸಂಜೆ ಅಡುಗೆಮನೆಯವರೆಗೂ ಟಕಟಕ ಕೇಳಿಸಿತು. ಸಾರಿಗೆ ಒಗ್ಗರಣೆ ಹಾಕುತ್ತ ನಾನು ಒಬ್ಬಳೇ ನಕ್ಕೆ.

ಊಟಕ್ಕೆ ಎಲ್ಲರೂ ಕೂತಾಗ ಮಗಳು ಪ್ರಿಂಟ್ ತೆಗೆದ ಹಾಳೆ ಹಿಡಿದು ಬಂದಳು. ಹುಂಜದ ಕಥೆ ಎಂದುಕೊಂಡು ಓದತೊಡಗಿದಳು. ಅದು ಹುಂಜದ್ದಲ್ಲ.

“ಅರ್ಜಿದಾರನು ಜೀವಮಾನವಿಡೀ ಬೇರೆಯವರ ತಕರಾರುಗಳನ್ನು ಟೈಪು ಮಾಡಿದವನು. ತನ್ನದೊಂದನ್ನು ಟೈಪು ಮಾಡುತ್ತಿರುವುದು ಇದೇ ಮೊದಲು. ಅರ್ಜಿದಾರನ ಮಗನು ಅರ್ಜಿದಾರನ ಕೆಲಸದ ಮೆಷಿನನ್ನು ಮೇಜಿನಿಂದ ಸಾಗಿಸಿದನು. ಪ್ರೀತಿಯಿಂದಲೇ ಸಾಗಿಸಿದನೆಂದು ಅರ್ಜಿದಾರನು ಒಪ್ಪುತ್ತಾನೆ. ಆದರೆ ಅರ್ಜಿದಾರನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಅರ್ಜಿದಾರನಿಗೆ ಹೋಗುತ್ತಿರುವುದು ಕಣ್ಣು ಮಾತ್ರ ಎಂಬುದನ್ನು ದಯಮಾಡಿ ಗಮನಿಸಬೇಕು.”

ತಡವರಿಸುತ್ತ, ಒಂದೊಂದು ಪದವನ್ನೂ ಎಳೆದೆಳೆದು ಅವಳು ಓದಿದಳು. ಓದಿ, “ತಾತ, ಅರ್ಜಿದಾರ ಅಂದ್ರೆ ಯಾರು?” ಎಂದಳು.

“ನಾನೇ ಕಣೇ.”

ನಮ್ಮವರ ಕೈ ಸಾರನ್ನದ ಮೇಲೆ ಹಾಗೇ ನಿಂತಿತ್ತು. ತಗ್ಗಿದ ದನಿಯಲ್ಲಿ, “ತೀರ್ಪೇನಪ್ಪಾ?” ಎಂದರು.

“ಟೈಪಿಸ್ಟು ತೀರ್ಪು ಕೊಡಲ್ಲಪ್ಪ,” ಎಂದು ಮಾವ ಮಜ್ಜಿಗೆಗೆ ಕೈ ಚಾಚಿದರು.

ನಮ್ಮವರು ಎದ್ದು ಕೈ ತೊಳೆದು ದೇವರ ಮನೆಗೆ ಹೋದರು. ಕುಂಕುಮದ ಬಟ್ಟಲು ಹಿಡಿದು ಬಂದು, ಹಳೆಯ ಕೀಬೋರ್ಡಿನ ಮುಂದೆ ನಿಂತರು. ಬೆರಳಿಗೆ ಕುಂಕುಮ ತೆಗೆದುಕೊಂಡರು. ಇಡಲಿಲ್ಲ. ಹಿಂತಿರುಗಿ ನೋಡಿದರು.

“ಅಪ್ಪಾ, ಇಡ್ಲಾ?”

“ಇಡು,” ಎಂದರು ಮಾವ. “ನಾಳೆ ಹುಂಜದ ಹಿಯರಿಂಗ್ ಇದೆ.”

‘ಇಡ್ಲಾ’ ಎಂದು ಕೇಳುವ ಆ ಒಂದು ಮಾತು ನಮ್ಮವರ ಬಾಯಿಂದ ಬರಿಸುವುದಕ್ಕೆ ನಾನು ಶ್ಯಾಂಟಿಲಿಯವರೆಗೂ ಹೋಗಿ ಬರಬೇಕಾಯಿತು.